ಮೂರು ಹಣಕ್ಕೆ ಒಂದೇ ಬಣ್ಣ

ಹೊಳೆಯ ಹಣ ಶನಿವಾರ ಸೂರ್ಯ ಮುಳುಗುವ ಹೊತ್ತಿಗೆ ಬತ್ತುತ್ತದೆ. ಪೇಟೆಯ ಹಣ ದಿನಕ್ಕೆ ನಾಲ್ಕು ಸಲ, ಗಂಟೆ ಹೊಡೆದಾಗಲೆಲ್ಲ, ಉಬ್ಬುತ್ತದೆ ಇಲ್ಲವೆ ಸೊರಗುತ್ತದೆ. ಗುಡ್ಡದ ಹಣ ಮಾತ್ರ ಇಟ್ಟಲ್ಲಿ ಇಟ್ಟಷ್ಟೇ ಇರುತ್ತದೆ. ನಮ್ಮೂರಿನ ಕೂಸು ಹಾಲು ಬಿಡುವ ಮೊದಲೇ ಇಷ್ಟನ್ನು ತಿಳಿದಿರುತ್ತದೆ. ದೋಣಿಗೆ, ನೀರಿಗೆ, ಮೀನಿಗೆ ಹೊಳೆಯ ಹಣ. ಜೋಳಕ್ಕೆ, ಬಟ್ಟೆಗೆ, ಔಷಧಕ್ಕೆ ಪೇಟೆಯದು. ಕಲ್ಲಿಗೆ, ನೆಲಕ್ಕೆ ಗುಡ್ಡದ್ದು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಲು ಬರುವುದಿಲ್ಲ. ಕೂಲಿಯೂ ಮೂರು ಪಾಲಾಗಿಯೇ ಬರುತ್ತದೆ, ಗುಡ್ಡದ ಪಾಲು ಎಲ್ಲಕ್ಕಿಂತ ಚಿಕ್ಕದು.

ಮೂರೂ ಒಂದೇ ಪಾಕೀಟಿನಲ್ಲಿ ಇರುತ್ತವೆ. ಪಾಕೀಟು ಎಂದರೆ ಅಂಗೈಯಗಲದ ಒಂದು ಗಾಜು. ಉಜ್ಜಿದರೆ ಮೂರು ಬಿಲ್ಲೆಗಳು ಮೂಡುತ್ತವೆ, ಒಂದರ ಕೆಳಗೊಂದು. ಬೇಕಾದ ಬಿಲ್ಲೆಯನ್ನು ಮುಟ್ಟಿ, ಎಷ್ಟು ಎಂದು ಹೇಳಿ, ಯಾವ ಬಾಗಿಲಿಗೆ ಎಂದು ಹೇಳಿ, ಖಚಿತ ಎಂಬುದನ್ನು ಒತ್ತಿದರೆ ಹಣ ಹೋಗುತ್ತದೆ. ಹೊಳೆಯ ಹಣ ಹೊಳೆಯ ಬಾಗಿಲಿಗೆ ಹೋದರೆ ಮುಟ್ಟುತ್ತದೆ. ಬೇರೆ ಬಾಗಿಲಿಗೆ ಕಳಿಸಿದ್ದು ಮುಟ್ಟುವುದೂ ಇಲ್ಲ, ತಿರುಗಿ ಬರುವುದೂ ಇಲ್ಲ. ಅದು ನಡುವೆ ಹೋಯಿತು ಎನ್ನುತ್ತಾರೆ. ನಡುವೆ ಎಂದರೆ ಎಲ್ಲಿ ಎಂದು ಕೇಳುವ ಪದ್ಧತಿಯಿಲ್ಲ. ಹಣ ನಡುವೆ ಹೋದ ಮನೆಗೆ ಓಣಿಯವರು ಜೋಳದ ಅಂಬಲಿ ತರುತ್ತಾರೆ, ಎಷ್ಟು ಹೋಯಿತು ಎಂದು ಕೇಳದೆ ಕೂತು ಕುಡಿಯುತ್ತಾರೆ, ತಮ್ಮ ಚಂಬನ್ನು ತಾವೇ ತೊಳೆದುಕೊಂಡು ಏಳುತ್ತಾರೆ.

ನಾನು ಪಾಕೀಟು ಕಚೇರಿಯಲ್ಲಿ ಹೆಸರು ಬರೆಯುವವಳಾಗಿದ್ದೆ. ಬಿಲ್ಲೆಗಳ ಕೆಳಗೆ ಅಕ್ಷರಗಳು ಇರುತ್ತಿದ್ದವು: ಹೊಳೆಯ ಹಣ, ಪೇಟೆಯ ಹಣ, ಗುಡ್ಡದ ಹಣ. ಬಣ್ಣವೂ ಬೇರೆ ಬೇರೆ, ನೀಲಿ, ಕೆಂಪು, ಬೂದಿ. ನನ್ನ ಮೇಜಿನ ಮೇಲಿದ್ದ ತಾಯಿಗಾಜಿನಲ್ಲಿ ಬರೆದದ್ದು ಊರಿನ ಎಲ್ಲ ಗಾಜುಗಳಲ್ಲೂ ಮೂಡುತ್ತಿತ್ತು. ಅಕ್ಷರ ಮಾಸಿದರೆ ಮತ್ತೆ ತಿದ್ದುವುದು, ಸೊಟ್ಟಗಾದರೆ ನೆಟ್ಟಗೆ ಮಾಡುವುದು, ಹನ್ನೊಂದು ವರ್ಷ ಇದೇ ಕೆಲಸ.

ಭಾನುವಾರ ಮಧ್ಯಾಹ್ನ ಹಿಟ್ಟಿನ ಗಿರಣಿ ನಿಂತ ಮೇಲೆ ಅಲ್ಲಿ ನಮ್ಮ ಓದುಬಳಗ ಸೇರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಜಗಳವಾಡುವುದು. ಪುಸ್ತಕಗಳ ಹಾಳೆ ತಿರುವಿದರೆ ಹಿಟ್ಟು ಉದುರುತ್ತಿತ್ತು. ಅಲ್ಲಿಗೆ ಬಂದವಳು ಗಾಳೆವ್ವ. ಗುಡ್ಡದಲ್ಲಿ ಕಲ್ಲೊಡೆಯುವವರ ಮುಂದಾಳು, ಐವತ್ತರ ಮೇಲೆ ವಯಸ್ಸು, ಉಳಿ ಹಿಡಿದು ಹಿಡಿದು ಬಲಗೈ ಬೆರಳುಗಳು ಅಗಲಕ್ಕೆ ಬಿಟ್ಟುಕೊಂಡೇ ಇದ್ದವು. ಮೊದಲ ದಿನವೇ ಅವಳು ನನಗೆ ಹೇಳಿದ್ದು ಇದು: "ಅಕ್ಕೋರ, ಪುಸ್ತಕ ಆಮ್ಯಾಲ. ಮದಲ ನನ್ನ ಪಾಕೀಟ ಓದಾಕ ಕಲಸ್ರಿ. ಬಣ್ಣ ನೋಡಿ ರೊಕ್ಕಾ ಕಳಸೂದು ಎತ್ತಿಗೆ ಹುಲ್ಲ ತೋರಿಸಿದಂಗ ಆಗೇತಿ." ನಾಲ್ಕು ತಿಂಗಳಲ್ಲಿ ಅವಳು ಪಾಕೀಟು ಓದಿದಳು. ಎರಡು ವರ್ಷದಲ್ಲಿ ನಮ್ಮ ಜಗಳಗಳಲ್ಲಿ ಅವಳ ದನಿಯೇ ದೊಡ್ಡದಾಯಿತು.

ಆ ವರ್ಷ ಗುಡ್ಡದ ಕಚೇರಿಯವರು ಒಂದು ಪ್ರಕಟಣೆ ಹೊರಡಿಸಿದರು. ಕಲ್ಲೊಡೆಯುವವರು ತಮ್ಮ ಗುಡಿಸಲ ಕೆಳಗಿನ ನೆಲವನ್ನು ತಾವೇ ಕೊಳ್ಳಬಹುದು. ಗುಡಿಸಲು ನಲವತ್ತಮೂರು. ಹಣ ಗುಡ್ಡದ್ದೇ ಆಗಬೇಕು, ನಲವತ್ತಮೂರರದ್ದೂ ಒಂದೇ ಪಾಕೀಟಿನಿಂದ ಒಂದೇ ಸಲ ಬರಬೇಕು, ಮಂಗಳವಾರದ ಒಳಗೆ ಬರಬೇಕು. ಬರದಿದ್ದರೆ ಇಡೀ ಸಾಲು ಹರಾಜಿಗೆ. ತಲೆಮಾರುಗಳಿಂದ ಮೂಲೆಯಲ್ಲಿ ಬಿದ್ದಿದ್ದ ಗುಡ್ಡದ ಹಣಕ್ಕೆ ಮೊದಲ ಸಲ ಒಂದು ಅರ್ಥ ಬಂತು. ಶುಕ್ರವಾರ ಎಲ್ಲರೂ ತಮ್ಮ ತಮ್ಮ ಪಾಕೀಟು ಬರಿದು ಮಾಡಿ ಗಾಳೆವ್ವನ ಪಾಕೀಟಿಗೆ ಹಾಕಿದರು. ಬೇರೆ ಯಾರ ಹೆಸರೂ ಚರ್ಚೆಗೆ ಬರಲಿಲ್ಲ. ಓದಲು ಬರುವವಳು ಅವಳೊಬ್ಬಳೇ. ಸೋಮವಾರ ಗುಡ್ಡದ ಕಚೇರಿ ತೆರೆದ ಕೂಡಲೇ ಕಳಿಸುವುದು ಎಂದಾಯಿತು.

ಹಾಗೆ ಹಣ ಕೂಡಿಸಿದ್ದರ ಹಿಂದಿನ ದಿನ, ಗುರುವಾರ, ನಮ್ಮ ಕಚೇರಿಯ ಧೀರೇಂದ್ರ ಸಾಹೇಬರು ನನ್ನ ಮೇಜಿನ ಹತ್ತಿರ ಬಂದಿದ್ದರು. ಅವರು ಗಾಜಿನ ಅಂದಚಂದಕ್ಕೆಂದೇ ನೇಮಕವಾಗಿದ್ದವರು, ತುಂಬ ಮೆತ್ತಗೆ ಮಾತಾಡುವವರು. "ಇಷ್ಟೊಂದು ಅಕ್ಷರ ಯಾಕಿದೆ ಇಲ್ಲಿ? ಕಣ್ಣಿಗೆ ಚುಚ್ಚುತ್ತೆ," ಎಂದರು. "ಬಿಲ್ಲೆ ಮೂರೂ ಬಂಗಾರದ ಬಣ್ಣ ಇರಲಿ. ಹೆಸರು ಬೇಡ. ಯಾವುದು ಹೆಚ್ಚಿದೆಯೋ ಅದು ಮೇಲೆ ಬರಲಿ. ಜನಕ್ಕೆ ತಮ್ಮ ಐಶ್ವರ್ಯ ಮೊದಲು ಕಾಣಬೇಕು."

"ಯಾವುದು ಯಾವ ಹಣ ಅಂತ ಹೇಗೆ ಗೊತ್ತಾಗಬೇಕು ಸಾರ್?" ಎಂದು ನಾನು ಕೇಳಿದೆ.

"ಅವರ ಹಣ ಅವರಿಗೆ ಗೊತ್ತಿರುತ್ತೆ. ಗೊತ್ತಿಲ್ಲದವರು ಕಚೇರಿಗೆ ಬಂದು ಕೇಳ್ತಾರೆ."

ಹೆಸರುಗಳನ್ನು ನಾನು ಅಳಿಸಿದೆ. ಹದಿನೈದು ನಿಮಿಷದ ಕೆಲಸ. ಊರಿನ ಗಾಜುಗಳಲ್ಲಿ ಅದು ಶನಿವಾರ ಮಧ್ಯಾಹ್ನ ಮೂಡುವಂತೆ ಸಾಹೇಬರು ಗೊತ್ತು ಮಾಡಿದ್ದರು. ಓದುಬಳಗದಲ್ಲಿ ಪ್ರತಿ ಭಾನುವಾರ ಅಧಿಕಾರದ ವಿರುದ್ಧ ಮಾತಾಡುತ್ತಿದ್ದ ಹೆಂಗಸು ಗುರುವಾರ ಹೂಂ ಎಂದಳು. ಇದಕ್ಕೆ ನಾನು ಕಾರಣ ಹುಡುಕಿಲ್ಲ. ಸಂಬಳ ಸಾಕಷ್ಟು ಒಳ್ಳೆಯ ಕಾರಣ.

ಶನಿವಾರ ಸಂಜೆ ದೋಣಿಕಟ್ಟೆಯಲ್ಲಿ ಎಂದಿನ ನೂಕುನುಗ್ಗಲು. ಹೊಳೆಯ ಹಣ ಬತ್ತುವ ಮೊದಲು ಉಳಿದದ್ದನ್ನೆಲ್ಲ ದೋಣಿಕಟ್ಟೆಗೆ ಕಳಿಸಿಬಿಟ್ಟರೆ ಮುಂದಿನ ವಾರ ಹೊಳೆ ದಾಟಲು ಆಗುತ್ತದೆ. ಹಾಗಾಗಿ ನಮ್ಮೂರಲ್ಲಿ ಶನಿವಾರ ಎಲ್ಲರೂ ಮಾಡುವುದು ಒಂದೇ: ಗಾಜು ಉಜ್ಜುವುದು, ಮೇಲಿನ ಬಿಲ್ಲೆ ಮುಟ್ಟುವುದು, ಎಲ್ಲವೂ ಎಂದು ಒತ್ತುವುದು, ದೋಣಿಕಟ್ಟೆ, ಖಚಿತ. ಅಂಕಿ ನೋಡುವುದಿಲ್ಲ. ಬತ್ತುವ ಹಣ ಎಣಿಸುವವ ಹುಚ್ಚ ಎಂಬ ಗಾದೆಯೇ ಇದೆ. ಅಜ್ಜನ ಕಾಲದಿಂದ ಹೊಳೆಯ ಹಣವೇ ಮೇಲೆ ಇದ್ದದ್ದು.

ಗಾಳೆವ್ವನ ಪಾಕೀಟಿನಲ್ಲಿ ಆ ಸಂಜೆ ಮೇಲೆ ಇದ್ದದ್ದು ನಲವತ್ತಮೂರು ಮನೆಗಳ ಗುಡ್ಡದ ಹಣ. ಒಂದು ಕಂಕುಳಲ್ಲಿ ಸಾಣೆ ಹಿಡಿಸಿದ ಉಳಿಗಳ ಗಂಟು, ಎದುರಿಗೆ ಕೆಂಪು ಸೂರ್ಯ, ಹಿಂದೆ ನೂಕುವ ಜನ. ಅವಳು ಹೆಬ್ಬೆರಳು ಒತ್ತಿದಳು. ದೋಣಿಯವ ತನ್ನ ಗಾಜು ನೋಡಿ, "ನಿಂದ ಬಂದಿಲ್ಲ ಬೇ," ಎಂದ. "ಕಳಿಸೇನಲ್ಲೋ," ಎಂದಳು ಗಾಳೆವ್ವ. "ಬಂದಿಲ್ಲ. ಬದೀಗೆ ಸರಿ, ಹಿಂದಿನವ್ರು ಬರ್ಲಿ." ಅವಳು ಬದಿಗೆ ಸರಿದು ಗಾಜನ್ನು ಸೆರಗಿನಲ್ಲಿ ಒರೆಸಿ ನೋಡಿದಳು. ಎರಡೇ ಬಿಲ್ಲೆ ಉಳಿದಿದ್ದವು. ನೋಡುತ್ತಿದ್ದಂತೆ ಸೂರ್ಯ ಮುಳುಗಿ ಅದರಲ್ಲೂ ಒಂದು ಬತ್ತಿಹೋಯಿತು.

ಆ ಸಂಜೆ ಊರಲ್ಲಿ ಇನ್ನೂ ಹದಿನೇಳು ಮಂದಿಯ ಹಣ ಹೀಗೆಯೇ ನಡುವೆ ಹೋಗಿತ್ತು. ಅವೆಲ್ಲ ಸಣ್ಣ ಮೊತ್ತಗಳು. ಹದಿನೇಳು ಮನೆಗಳಿಗೂ ಅಂಬಲಿ ಹೋಯಿತು. ಗಾಳೆವ್ವನ ಗುಡಿಸಲಿಗೆ ಹೋಗಲಿಲ್ಲ.

ಅವಳ ಪಕ್ಕದ ಗುಡಿಸಲಿನ ತಿರಕಪ್ಪ ಭಾನುವಾರ ಬೆಳಿಗ್ಗೆ ಅವಳ ಬಾಗಿಲ ಮುಂದೆ ನಿಂತು ಸಾಲಿಗೆಲ್ಲ ಕೇಳುವಂತೆ ಮಾತಾಡಿದನಂತೆ. "ನಡುವ ಹೋತಂತ. ನಡುವ ಅಂದ್ರ ಯಾರ ಮನೀಲೇ ಅದು? ಹೆಂಗಸ್ರಿಗೆ ಅಕ್ಷರ ಕಲಸಬ್ಯಾಡ್ರಿ ಅಂತ ನಮ್ಮಪ್ಪ ಸುಮ್ನ ಹೇಳಿಲ್ಲ. ಅಕ್ಷರ ಬಂದಾಕಿಗೆ ನಾಕ ಬಾಗಲಾ ಗೊತ್ತಿರ್ತಾವ." ಸಾಲಿನಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಒಬ್ಬಿಬ್ಬರು ಅವಳ ಗುಡಿಸಲ ಹಿಂದೆ ಹೊಸದಾಗಿ ಅಗೆದ ಮಣ್ಣಿದೆಯೇ ಎಂದು ನೋಡಿ ಬಂದರು. ಗಾಜಿನಲ್ಲಿರುವ ಹಣವನ್ನು ಮಣ್ಣಲ್ಲಿ ಹೂಳಲು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮಧ್ಯಾಹ್ನ ಅವಳು ಗಿರಣಿಗೆ ಬಂದಳು. ಅವಳು ನೇರ ನನ್ನ ಮುಂದೆ ಕೂತು ಪಾಕೀಟನ್ನು ನೆಲದ ಮೇಲಿಟ್ಟಳು.

"ಅಕ್ಕೋರ, ಇದರಾಗಿನ ಹೆಸರು ಯಾರ ತಗದ್ರು?"

"ನಾನು," ಎಂದೆ. "ಸಾಹೇಬರು ಹೇಳಿದರು, ನಾನು ತೆಗೆದೆ."

"ಯಾರ ಹೇಳಿದ್ರು ಅಂತ ನಾ ಕೇಳಲಿಲ್ಲ." ಅವಳು ಗಾಜನ್ನು ನನ್ನ ಕಡೆ ಸರಿಸಿದಳು. "ನನಗ ಒಂದ ತಿಳೀವಲ್ದು. ನೀವ ಕಲಿಸಿದ್ರಿ. ನಾ ಕಲ್ತೆ. ಆಮ್ಯಾಲ ನೀವ ಅಳಿಸಿದ್ರಿ. ಹಂಗಿದ್ರ ಎರಡ ವರ್ಷ ಈ ಹಿಟ್ಟಿನಾಗ ಕುಂತ ನಾವೇನ್ ಮಾಡಿದ್ವಿ?"

ಬಳಗದ ಒಬ್ಬರು ಪದ್ಧತಿಯನ್ನು ನೆನಪಿಸಿದರು. ಗಾಜು ದಾರಿ ತಪ್ಪಿಸಿದ್ದರೆ ಪಾಕೀಟು ಕಚೇರಿ ತನ್ನ ಉಗ್ರಾಣದಿಂದ ಅಷ್ಟೂ ಹಣ ತುಂಬಿಕೊಡಬೇಕು. ಕೈ ದಾರಿ ತಪ್ಪಿದ್ದರೆ ಏನೂ ಇಲ್ಲ. ತೀರ್ಪು ಹೇಳುವವರು ಫಕ್ರುದ್ದೀನ್ ಮಾಸ್ತರು, ಊರಿನ ಹಳೆಯ ಶಾಲೆಯ ಮಾಸ್ತರು. ಗಾಳೆವ್ವ ಅಲ್ಲಿಂದಲೇ ಎದ್ದು ಅವರ ಮನೆಗೆ ಹೋಗಿ ದೂರು ಕೊಟ್ಟಳು. ವಿಚಾರಣೆ ಸೋಮವಾರ ಹತ್ತು ಗಂಟೆಗೆ ಎಂದು ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಕಚೇರಿಯಿಂದ ನನಗೆ ಕರೆ ಬಂತು. ಧೀರೇಂದ್ರ ಸಾಹೇಬರು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಕೂತಿದ್ದರು. "ಹೆಸರೆಲ್ಲ ವಾಪಸ್ ಹಾಕಿಬಿಡಿ. ಬಣ್ಣ, ಸಾಲು, ಎಲ್ಲ ಮೊದಲಿನ ಹಾಗೆ. ಹತ್ತು ಗಂಟೆಯೊಳಗೆ."

"ಯಾಕೆ ಸಾರ್?"

"ವಿಚಾರಣೆಯಲ್ಲಿ ಗಾಜು ತೋರಿಸಬೇಕು. ಹೆಸರು ಇತ್ತು, ಆ ಹೆಂಗಸಿಗೆ ಓದೋಕೆ ಬರಲಿಲ್ಲ. ಅಷ್ಟೇ ತಾನೆ ಆಗಿರೋದು?" ಅವರು ನನ್ನ ಕಡೆ ನೋಡಿ ನಕ್ಕರು. "ನಿಮ್ಮ ಕೈಬರಹ ಚೆನ್ನಾಗಿದೆ ಅಂತ ನಾನು ಮೇಲಿನವರಿಗೂ ಹೇಳಿದೀನಿ."

ನಾನು ಬರೆದೆ. ಮೂರು ಹೆಸರು, ಪ್ರತಿ ಹೆಸರಿನ ಕೆಳಗೆ ಒಂದು ಸಾಲು. ಎಲ್ಲವೂ ಒಂದೇ ಗಾತ್ರದ ಅಕ್ಷರ. ಬರೆದು ಅವರ ಮುಂದೆ ಹಿಡಿದೆ. ಅವರು ಗಾಜನ್ನು ದೂರ ಹಿಡಿದು, ತಲೆ ಓರೆ ಮಾಡಿ, ಚಿತ್ರ ನೋಡುವಂತೆ ನೋಡಿದರು. "ಕೊಳಕಾಗಿದೆ. ಇರಲಿ, ಇವತ್ತಿಗೆ ಸಾಕು," ಎಂದರು. ಹನ್ನೊಂದು ವರ್ಷದಲ್ಲಿ ಅವರು ಒಂದೇ ಒಂದು ಪಾಕೀಟನ್ನೂ ಓದಿದ್ದನ್ನು ನಾನು ಕಂಡಿರಲಿಲ್ಲ. ಅವರ ಹಣವನ್ನು ಅವರ ಗುಮಾಸ್ತ ಕಳಿಸುತ್ತಿದ್ದ.

ವಿಚಾರಣೆ ತೂಕದ ಕಟ್ಟೆಯ ಮೇಲೆ ನಡೆಯಿತು. ಗುಡ್ಡದವರು ಒಂದು ಕಡೆ, ಕಚೇರಿಯವರು ಒಂದು ಕಡೆ, ನಡುವೆ ಗಾಳೆವ್ವ. ಅವಳು ಗುಡ್ಡದವರ ಕಡೆ ನಿಲ್ಲಲಿಲ್ಲ, ಅವರು ಕರೆಯಲೂ ಇಲ್ಲ. ಸಾಹೇಬರು ಮೆತ್ತಗೆ, ವಿಷಾದದಿಂದ ಮಾತಾಡಿದರು. ಕಲ್ಲೊಡೆಯುವವರ ಬಗ್ಗೆ ಕಚೇರಿಗೆ ಗೌರವವಿದೆ ಎಂದರು. ಆದರೆ ಓದುಬರಹ ಇಲ್ಲದವರ ಕೈಗೆ ಇಷ್ಟು ದೊಡ್ಡ ಹಣ ಕೊಟ್ಟರೆ ಗಾಜು ತಾನೇ ಏನು ಮಾಡಬೇಕು ಎಂದರು. ಗಾಳೆವ್ವನ ಪಾಕೀಟನ್ನೇ ಇಸಿದುಕೊಂಡು ಮೇಲೆತ್ತಿ ಹಿಡಿದರು. "ನೋಡಿ ಮಾಸ್ತರೆ. ಹೆಸರಿಲ್ಲ ಅಂತಾರೆ. ಇಷ್ಟು ದೊಡ್ಡದಾಗಿ ಇದೆ."

ತಿರಕಪ್ಪ ಹಿಂದಿನಿಂದ, "ಅಂದ್ರ ಕಣ್ಣಿದ್ದೂ ಕಳಿಸ್ಯಾಳ," ಎಂದ. ಗುಡ್ಡದವರು ಗುಜುಗುಜು ಮಾತಾಡಿದರು.

ಫಕ್ರುದ್ದೀನ್ ಮಾಸ್ತರು ಕೈಯೆತ್ತಿ ಸುಮ್ಮನಾಗಿಸಿದರು. "ಗಾಳೆವ್ವ, ನಿನಗ ಓದಾಕ ಬರ್ತದೇನವಾ?"

"ಬರ್ತೈತ್ರಿ. ಶನಿವಾರ ಓದಾಕ ಏನಿತ್ರಿ ಅದರಾಗ?"

"ಈಗ ಐತಂತ ಸಾಹೇಬರು ಹೇಳಾಕತ್ತಾರ. ಓದು."

ಅವಳು ಸಾಹೇಬರ ಕೈಯಿಂದ ಪಾಕೀಟು ತೆಗೆದುಕೊಂಡಳು. ಬಿಲ್ಲೆ ಮಾಯವಾದಲ್ಲೂ ಹೆಸರು ಮೂಡಿತ್ತು. ಬೆರಳನ್ನು ಅಕ್ಷರದ ಕೆಳಗಿಟ್ಟು, ಗಿರಣಿಯಲ್ಲಿ ಓದುತ್ತಿದ್ದಂತೆಯೇ, ಒಂದೊಂದೇ ಶಬ್ದ ಎತ್ತಿ ಇಟ್ಟಳು. "ಹೊಳೆಯ ಹಣ." ಉಸಿರು ತೆಗೆದುಕೊಂಡಳು. ಬೆರಳು ಕೆಳಗಿಳಿಯಿತು. "ಗುರುವಾರ ಅಳಿಸಿದ ಈ ಹೆಸರನ್ನು ಮತ್ತೆ ಬರೆದದ್ದು ಸೋಮವಾರ ಬೆಳಿಗ್ಗೆ ಆರೂವರೆಗೆ." ಅವಳು ನಿಲ್ಲಿಸಲಿಲ್ಲ. "ಪೇಟೆಯ ಹಣ. ಗುರುವಾರ ಅಳಿಸಿದ ಈ ಹೆಸರನ್ನು ಮತ್ತೆ ಬರೆದದ್ದು ಸೋಮವಾರ ಬೆಳಿಗ್ಗೆ ಆರೂವರೆಗೆ." ಮೂರನೆಯದನ್ನು ಓದುವಾಗ ಕಟ್ಟೆಯ ಸುತ್ತ ನಿಂತಿದ್ದವರೆಲ್ಲ ತಮ್ಮ ತಮ್ಮ ಗಾಜು ಉಜ್ಜಿ ನೋಡುತ್ತಿದ್ದರು. ಓದಲು ಬಾರದವರು ಪಕ್ಕದವರಿಗೆ ತೋರಿಸಿ, "ನಂದರಾಗೂ ಹಂಗ ಐತೇನ ನೋಡ," ಎಂದು ಕೇಳುತ್ತಿದ್ದರು. ಎಲ್ಲದರಲ್ಲೂ ಹಾಗೆಯೇ ಇತ್ತು.

ಸಾಹೇಬರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಾಗಿತ್ತು. ಮೇಜು ಎದ್ದು ಮಾತಾಡಿದರೆ ಮನುಷ್ಯ ಹಾಗೆ ನೋಡುತ್ತಾನೆ.

"ಇದನ್ನ ಬರದಾವ್ರು ಯಾರು?" ಎಂದು ಮಾಸ್ತರು ಕೇಳಿದರು.

"ನಾನು," ಎಂದೆ. "ಅಳಿಸಿದವಳೂ ನಾನೇ. ಎರಡನ್ನೂ ಬರೆದುಕೊಳ್ಳಿ."

ಮಾಸ್ತರು ಎರಡನ್ನೂ ಬರೆದುಕೊಂಡು ತೀರ್ಪು ಹೇಳಿದರು. ಗಾಜು ದಾರಿ ತಪ್ಪಿಸಿದ್ದು ನಿಜ. ಕಚೇರಿ ಹಣ ತುಂಬಿಕೊಡಬೇಕು. ಆದರೆ ಬಿಲ್ಲೆಯ ಪಕ್ಕದ ಅಂಕಿಯನ್ನು ನೋಡದೆ ಒತ್ತಿದ್ದು ಗಾಳೆವ್ವನ ಕೈ. ಆದ್ದರಿಂದ ನಂಬಿ ಕೊಟ್ಟ ನಲವತ್ತೆರಡು ಮನೆಗಳಿಗೆ ಕಚೇರಿ ಕೊಡತಕ್ಕದ್ದು. ಒತ್ತಿದವಳ ಸ್ವಂತ ಪಾಲು ನಡುವೆ ಹೋದದ್ದು ಹೋದ ಹಾಗೆಯೇ. ಸಾಲಿನ ನೆಲ ನಲವತ್ತೆರಡು ಮನೆಗಳ ಹೆಸರಿಗೆ, ಉಳಿದ ಒಂದು ಮನೆಯಗಲ ಗುಡ್ಡದ ಕಚೇರಿಗೆ ವಾಪಸ್ಸು. ನಲವತ್ತಮೂರರ ಬದಲು ನಲವತ್ತೆರಡಕ್ಕೆ ಆ ಕಚೇರಿಯವರೂ ಒಪ್ಪಿದ್ದರು. ನೂರು ಸಲ ನೋಡಿದ್ದೇನೆ, ತೀರ್ಪುಗಳು ಹೀಗೆಯೇ ಇರುತ್ತವೆ. ಹೆಸರು ಅಳಿಸಲು ಹೇಳಿದವನಿಗೆ ಏನೂ ಆಗುವುದಿಲ್ಲ, ಕೆಳಗಿನ ಒಬ್ಬಳಿಗೆ ಒಂದಿಷ್ಟು ನಷ್ಟ ಉಳಿಸುತ್ತಾರೆ, ಅದಕ್ಕೆ ಸಮತೂಕ ಎನ್ನುತ್ತಾರೆ. ಶನಿವಾರ ಊರಿಗೆ ಊರೇ ಅಂಕಿ ನೋಡುವುದಿಲ್ಲ. ಮಾಸ್ತರೂ ನೋಡುವುದಿಲ್ಲ.

ಗಾಳೆವ್ವ ಮಾಸ್ತರಿಗೆ ಕೈಮುಗಿಯಲಿಲ್ಲ. "ಬರದ್ದನ್ನ ಒಮ್ಮಿ ಕೊಡ್ರಿ, ನೋಡ್ತೀನಿ," ಎಂದು ತೀರ್ಪಿನ ಕಾಗದವನ್ನು ಇಸಿದುಕೊಂಡು ಕೊನೆಯವರೆಗೆ ಓದಿದಳು. ಅರ್ಧ ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಓದಿ ಮುಗಿಸಿ, ಕಾಗದ ಮಡಚಿ ಕೊಟ್ಟು, "ಹೆಸರು ತಗೀರಿ ಅಂದಾವ್ರ ಹೆಸರ ಇದರಾಗ ಎಲ್ಲೂ ಇಲ್ಲಲ್ರಿ," ಎಂದಳು. ಮಾಸ್ತರು ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ ನನ್ನ ಕೆಲಸ ಹೋಯಿತು. ತಾಯಿಗಾಜಿನ ಮುಂದೆ ಬೇರೊಬ್ಬನನ್ನು ಕೂರಿಸಿದರು. ಅವನು ಮೊದಲು ಮಾಡಿದ ಕೆಲಸ ನನ್ನ ಮೂರು ಸಾಲುಗಳನ್ನು ಅಳಿಸಿದ್ದು. ಹೆಸರುಗಳನ್ನು ಅಳಿಸಲು ಮಾತ್ರ ಯಾರಿಗೂ ಧೈರ್ಯವಾಗಲಿಲ್ಲ.

ಮಂಗಳವಾರ ಹಣ ಗುಡ್ಡದ ಬಾಗಿಲಿಗೆ ಹೋಯಿತು. ಕಳಿಸಿದ್ದು ತಿರಕಪ್ಪನ ಪಾಕೀಟಿನಿಂದ. ಬಿಲ್ಲೆಯ ಹೆಸರನ್ನು ಅವನಿಗೆ ಓದಿ ಹೇಳಲು ಯಾರಾದರೂ ಬೇಕಿತ್ತು. ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಗಾಳೆವ್ವ ತನ್ನ ಗುಡಿಸಲಿನಿಂದ ಬಂದು, ಅವನ ಗಾಜನ್ನು ನೋಡಿ, "ಇದು," ಎಂದು ತೋರಿಸಿ, ಅಂಕಿಯನ್ನು ಗಟ್ಟಿಯಾಗಿ ಓದಿ, ವಾಪಸು ಹೋದಳು.

ನಾನು ಅಲ್ಲಿಯೇ ಇದ್ದೆ. ಹೋಗಲು ಬೇರೆ ಜಾಗವೂ ಇರಲಿಲ್ಲ. ನೆಲ ಅಳೆಯುವ ಮೋಜಣಿಯವನು ಬಂದು, ಸಾಲನ್ನು ಒಂದು ಮನೆಯಗಲ ಮೊಟಕು ಮಾಡಿ, ನಲವತ್ತೆರಡು ಮನೆಗಳಿಗೆ ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಗುಡ್ಡದ ಕಚೇರಿಯ ಕಂಬ ನೆಟ್ಟು, ನಡುವಿನ ಗಡಿಕಲ್ಲುಗಳನ್ನು ನೀವೇ ಹಾಕಿಕೊಳ್ಳಿ ಎಂದು ಹೊರಟುಹೋದ. ಅವನ ಕಾಗದದಲ್ಲಿ ನಲವತ್ತೆರಡು ಇತ್ತು. ಗಾಳೆವ್ವ ತನ್ನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ್ದಳು.

ಮೊದಲು ಯಾರು ಹೇಳಿದರೋ ನನಗೆ ಕೇಳಿಸಲಿಲ್ಲ. ಬಹುಶಃ ಯಾರೂ ಹೇಳಲಿಲ್ಲ. ತುದಿಯ ಮನೆಯ ಮುದುಕ ತನ್ನ ಪಾಲಿಗೆ ಬಂದ ಅಗಲವನ್ನು ನೋಡಿ, ಆಗತಾನೆ ಇಟ್ಟ ಗಡಿಕಲ್ಲಿನಿಂದ ಒಳಕ್ಕೆ ಒಂದು ಗೇಣು ಅಳೆದು, ಕಲ್ಲನ್ನು ಅಲ್ಲಿಗೆ ಎಳೆದುಕೊಂಡ. ಪಕ್ಕದವಳು ತಾನೂ ಒಂದು ಗೇಣು ಬಿಟ್ಟಳು. ನಲವತ್ತೆರಡು ಗೇಣು ಕೂಡಿದರೆ ಒಂದು ಗುಡಿಸಲಿಗೆ ಆಗುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸುವ ಅಗತ್ಯ ಕಲ್ಲೊಡೆಯುವವರಿಗೆ ಇರಲಿಲ್ಲ. ಕಲ್ಲೆಬ್ಬಿಸುವ ಗಡಾರಿಗಳು ಎದ್ದವು. ಕಳ್ಳಿ ಎಂದವರು, ಮಣ್ಣು ನೋಡಿ ಬಂದವರು, ಸುಮ್ಮನಿದ್ದವರು, ಎಲ್ಲರೂ ತಲೆ ತಗ್ಗಿಸಿ ಕಲ್ಲು ಸರಿಸಿದರು. ಸಾಲಿನ ನಡುವೆ, ಅವಳ ಗುಡಿಸಲು ನಿಂತಿದ್ದಲ್ಲೇ, ನೆಲ ಮೆಲ್ಲಗೆ ತೆರೆಯುತ್ತ ಬಂತು.

ಗಾಳೆವ್ವ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತು ನೋಡಿದಳು. ಬ್ಯಾಡ ಎನ್ನಲಿಲ್ಲ. ತಿರಕಪ್ಪನ ಸರದಿ ಬಂದಾಗ ಅವನು ಬಗ್ಗಿ, ಹೆಬ್ಬೆರಳು ಕಿರುಬೆರಳು ಚಾಚಿ, ಗೇಣು ಅಳೆದು ಗೆರೆ ಎಳೆದ. "ಇಲ್ಲೀಮಟ ಆತು," ಎಂದ, ಯಾರ ಮುಖವನ್ನೂ ನೋಡದೆ.

ಅವಳು ಹೋಗಿ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. "ನಿನ್ನ ಗೇಣ ಸಣ್ಣದಾತು ತಿರಕಪ್ಪ. ತಡಿ, ನಂದ ಇಡ್ತೀನಿ."

ಉಳಿ ಹಿಡಿದು ಅಗಲವಾಗಿದ್ದ ಬಲಗೈಯನ್ನು ಅವಳು ನೆಲದ ಮೇಲೆ ಹರವಿದಳು. ಅವನ ಗೆರೆಯನ್ನು ದಾಟಿ ಅದು ಎರಡು ಬೆರಳು ಮುಂದಕ್ಕೆ ಹೋಯಿತು. ಅವಳು ಕೈ ತೆಗೆಯಲಿಲ್ಲ. ತಿರಕಪ್ಪ ಗಡಾರಿ ಹಾಕಿ ಕಲ್ಲನ್ನು ಅವಳ ಕಿರುಬೆರಳಿನ ತುದಿಯವರೆಗೆ ಸರಿಸಿದ. ಆಮೇಲೆ ಅವಳು ಎದ್ದು, ಅದಾಗಲೇ ಸರಿಸಿಟ್ಟಿದ್ದ ಪಕ್ಕದ ಕಲ್ಲಿನ ಹತ್ತಿರ ಹೋಗಿ, ಅಲ್ಲಿಯೂ ಕೂತು ಕೈ ಇಟ್ಟಳು.